ಮಕ್ಕಳಿಗೆ ದೇಹದ ನೀರಿನ ಪಾಠ: ಸೌತೆಕಾಯಿಯಿಂದ ಶುರು ಮಾಡಿ

‘ನಮ್ಮ ದೇಹದಲ್ಲಿ 60 ಪರ್ಸೆಂಟ್ ನೀರಿದೆ’ ಅಂತ ಐದು ವರ್ಷದ ಮಗುವಿಗೆ ಹೇಳಿ ನೋಡಿ. ಹೊಟ್ಟೆ ಹಿಡಿದು ಕುಲುಕುತ್ತದೆ ಅಷ್ಟೇ. ಆ ವಯಸ್ಸಿಗೆ ಪರ್ಸೆಂಟ್ ತಲೆಗೆ ಹೋಗಲ್ಲ. ಅದಕ್ಕೇ ದೇಹದ ಮಾತು ಆಮೇಲೆ ಇರಲಿ, ಮೊದಲು ಅಡುಗೆಮನೆಗೆ ಕರೆದುಕೊಂಡು ಹೋಗಿ.

ಒಂದು ತೆಂಗಿನಕಾಯಿ, ಒಂದು ಎಳೆ ಸೌತೆಕಾಯಿ ಕೈಗೆ ಕೊಡಿ. ಎರಡನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಲಿ. ತೆಂಗಿನಕಾಯಿ ಗುಳುಗುಳು ಅನ್ನುತ್ತದೆ, ಸೌತೆಕಾಯಿ ಸುಮ್ಮನಿರುತ್ತದೆ. ‘ಯಾವುದರಲ್ಲಿ ನೀರಿದೆ?’ ಅಂತ ಕೇಳಿ. ಉತ್ತರ ಹೇಳಿಕೊಡಬೇಡಿ. ಸೌತೆಕಾಯಿಯನ್ನು ತೆಳ್ಳಗೆ ಬಿಲ್ಲೆ ಮಾಡಿ ತಟ್ಟೆಯಲ್ಲಿ ಹರಡಿ, ಉಪ್ಪು ಉದುರಿಸುವ ಕೆಲಸ ಮಗುವಿಗೇ ಬಿಡಿ. ಮೊದಲು ಬಿಲ್ಲೆ ಮೇಲೆ ಸಣ್ಣ ಹನಿ ಮೂಡುತ್ತವೆ, ಆಮೇಲೆ ಅಂಚು ಮೆತ್ತಗಾಗುತ್ತದೆ, ಕಾಲು ಗಂಟೆ ಹೊತ್ತಿಗೆ ತಟ್ಟೆ ವಾರೆ ಮಾಡಿದರೆ ನೀರು ಒಂದು ಕಡೆ ಬಂದು ನಿಲ್ಲುತ್ತದೆ. ಕೋಸಂಬರಿಗೆ ಬಡಿಸುವ ಹೊತ್ತಿಗೆ ಮಾತ್ರ ಉಪ್ಪು ಹಾಕುವುದು ಇದಕ್ಕೇ ಅಲ್ವಾ! ಈಗ ಹೇಳಿ: ನಮ್ಮ ದೇಹ ತೆಂಗಿನಕಾಯಿ ಥರ ಅಲ್ಲ, ಸೌತೆಕಾಯಿ ಥರ. ನೀರು ಒಂದೇ ಕಡೆ ನಿಂತಿಲ್ಲ, ಎಲ್ಲ ಕಡೆ ಸೇರಿಕೊಂಡಿದೆ. ನನ್ನ ಪ್ರಕಾರ ಇಡೀ ಪಾಠದಲ್ಲಿ ಮುಖ್ಯವಾದದ್ದು ಇದೊಂದೇ, ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಮನೆಯಲ್ಲಿ ಅಡುಗೆ ತೂಕದ ಯಂತ್ರ ಇದ್ದರೆ 100 ಗ್ರಾಂ ಸೌತೆಕಾಯಿ ಬಿಲ್ಲೆಗಳನ್ನು ತೂಗಿ, ತೆಳು ಬಟ್ಟೆ ಮುಚ್ಚಿ ತಾರಸಿಯಲ್ಲಿ ಒಣಗಿಸಿ. ಬೆಂಗಳೂರಿನಲ್ಲಿ ಇದಕ್ಕೆ ಸಂಡಿಗೆ ಹಾಕುವ ಕಾಲವೇ ಸರಿ, ಮಾರ್ಚ್–ಏಪ್ರಿಲ್. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಸೌತೆಕಾಯಿಯಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ, ಹಾಗಾಗಿ ಗರಿಗರಿಯಾಗಿ ಒಣಗಿದರೆ ಉಳಿಯುವುದು ಒಂದು ಹಿಡಿಯೂ ಇಲ್ಲ.

ಅನ್ನದ ಲೆಕ್ಕ ಇನ್ನೂ ಸುಲಭ. ಕುಕ್ಕರ್‌ಗೆ ಒಂದು ಲೋಟ ಅಕ್ಕಿ, ಎರಡೂವರೆ ಲೋಟ ನೀರು ಮಗುವೇ ಅಳೆದು ಹಾಕಲಿ. ಮುಚ್ಚಳ ತೆಗೆದಾಗ ‘ನೀರೆಲ್ಲಿ?’ ಅಂತ ಕೇಳಿ. ಸ್ವಲ್ಪ ಆವಿಯಾಯಿತು, ಉಳಿದದ್ದು ಅನ್ನದೊಳಗಿದೆ. ಮೊಸರು, ಟೊಮೇಟೊ, ಕಲ್ಲಂಗಡಿ, ಸಾರು ಎಲ್ಲದರಲ್ಲೂ ಜಾಸ್ತಿ ನೀರೇ. ಹಪ್ಪಳ, ಹುರಿದ ಕಡಲೆಕಾಯಿಯಲ್ಲಿ ತೀರಾ ಕಡಿಮೆ. (ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಕಡಲೆಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.)

ಈಗ ದೇಹಕ್ಕೆ ಬನ್ನಿ. 20 ಕಿಲೋ ತೂಗುವ ಮಗುವಿನೊಳಗೆ ಸುಮಾರು 12 ಲೀಟರ್ ನೀರಿರುತ್ತದೆ. ಮನೆಯಲ್ಲಿರುವ 20 ಲೀಟರ್ ಖಾಲಿ ಕ್ಯಾನಿಗೆ ಲೀಟರ್ ಬಾಟಲಿಯಿಂದ ಒಂದೊಂದಾಗಿ ಎಣಿಸುತ್ತಾ 12 ಸಲ ತುಂಬಿ. ಅರ್ಧಕ್ಕಿಂತ ಮೇಲೆ ಬರುತ್ತದೆ, ಮಗು ಎತ್ತಲು ಹೋದರೆ ಅಲ್ಲಾಡುವುದೂ ಇಲ್ಲ. ‘ಇಷ್ಟೂ ನಿನ್ನೊಳಗೇ ಇದೆ, ರಕ್ತದಲ್ಲಿ, ಮಿದುಳಲ್ಲಿ, ಮಾಂಸಖಂಡದಲ್ಲಿ, ಮೂಳೆಯಲ್ಲೂ ಸ್ವಲ್ಪ’ ಅನ್ನಿ. ಆ ನೀರನ್ನು ಗಿಡಕ್ಕೋ ನೆಲ ಒರೆಸಲಿಕ್ಕೋ ಬಳಸಿ. ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ಕಾವೇರಿ ನೀರು, ಸುಮ್ನೆ ಚೆಲ್ಲಬಾರದು.

ಹೊರಗೆ ಹೋಗುವ ನೀರನ್ನೂ ಹುಡುಕಿಸಿ. ಬೆವರು, ಕಣ್ಣೀರು ಅವರಿಗೇ ಗೊತ್ತು. ಉಸಿರಲ್ಲೂ ನೀರಿದೆ ಅಂದರೆ ನಂಬಲ್ಲ, ಸ್ಟೀಲ್ ತಟ್ಟೆಯನ್ನು ಫ್ರಿಜ್‌ನಲ್ಲಿಟ್ಟು ತೆಗೆದು ಬಾಯಿಂದ ‘ಹಾ’ ಅಂತ ಊದಿಸಿ, ಮಂಜು ಕಟ್ಟುತ್ತದೆ.

ನಮ್ಮೂರಿನ ತಂಪು ಹವೆಗೆ ಮಕ್ಕಳಿಗೆ ಬಾಯಾರಿಕೆ ನೆನಪಾಗಲ್ಲ, ಸ್ಕೂಲಿಗೆ ಕೊಟ್ಟ ಬಾಟಲಿ ಹಾಗೇ ವಾಪಸ್ ಬರುತ್ತದೆ. ಬೈದು ಕುಡಿಸುವ ಬದಲು ಉಚ್ಚೆಯ ಬಣ್ಣ ನೋಡಿಕೊಳ್ಳಲು ಕಲಿಸಿ: ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ಒಂದು ಲೋಟ ನೀರು. ಬೀಟ್‌ರೂಟ್ ತಿಂದ ದಿನ ಕೆಂಪಾಗಬಹುದು ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹೆದರಿಕೊಳ್ಳುತ್ತಾರೆ.