ಮೊದಲು ಸ್ಟೀಯರಿಂಗ್ ರ‍್ಯಾಕ್, ಆಮೇಲೆ ಇಂಜಿನ್: ನಾನು ಆಟೋಕ್ರಾಸ್ ಕಾರಿನ ಮುಂಭಾಗ ಕಟ್ಟಿದ ಬಗೆ

ಆಟೋಕ್ರಾಸ್‌ಗೆ, ಅಂದರೆ ಮಣ್ಣಿನ ಟ್ರ್ಯಾಕಿನ ಓಟಕ್ಕೆ, ಪೈಪ್ ಫ್ರೇಮ್ ಕಾರು ಕಟ್ಟಲು ಹೊರಟವರಲ್ಲಿ ಬಹಳ ಜನ ಮೊದಲು ಇಂಜಿನ್ ಕೂರಿಸಿ, ಅದರ ಸುತ್ತ ಪೈಪ್ ಬಗ್ಗಿಸಿ, ಉಳಿದ ಜಾಗದಲ್ಲಿ ಮುಂದಿನ ಸಸ್ಪೆನ್ಶನ್ ಹೇಗೋ ತುರುಕುತ್ತಾರೆ. ನಾನು ಉಲ್ಟಾ ಮಾಡಿದೆ. ಮೊದಲು ಚಕ್ರ, ಆಮೇಲೆ ಚಕ್ರಗಳನ್ನು ತಿರುಗಿಸುವ ಹಲ್ಲಿನ ದಂಡ, ಅಂದರೆ ಸ್ಟೀಯರಿಂಗ್ ರ‍್ಯಾಕ್, ಅದಾದ ಮೇಲೆ ಇಂಜಿನ್, ಕೊನೆಗೆ ಪೈಪ್.

ನನ್ನದು ಮಾರುತಿ ಜಿಪ್ಸಿ ಕಿಂಗ್‌ನ 1298 ಸಿಸಿ ಇಂಜಿನ್. ಮುಂದೆ ಉದ್ದಕ್ಕೆ ಕೂರುತ್ತದೆ, ಡ್ರೈವ್ ಹಿಂದಿನ ಚಕ್ರಕ್ಕೆ ಮಾತ್ರ. ಜಿಪ್ಸಿಯ ಮುಂದಿನ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್ ಎರಡೂ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಆಲ್ದೂರು, ಮಲ್ಲಂದೂರು ಕಡೆ ತೋಟದ ರಸ್ತೆ ಮಳೆಗಾಲ ಮುಗಿದಾಗ ಹೇಗಿರುತ್ತದೆ ಗೊತ್ತಲ್ವಾ? ಒಂದು ಚಕ್ರ ಕೊರಕಲಿನಲ್ಲಿ, ಇನ್ನೊಂದು ದಿಣ್ಣೆ ಮೇಲೆ. ಗಟ್ಟಿ ಆಕ್ಸಲ್ ಇದ್ದರೆ ಒಂದು ಏರಿದಾಗ ಇನ್ನೊಂದೂ ವಾಲುತ್ತದೆ, ಹಿಡಿತ ಎರಡೂ ಕಡೆ ಹೋಗುತ್ತದೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಮ್ಮೂರು ಚಿಕ್ಕಮಗಳೂರಿಗೆ ಬಂದಾಗ ಗೌರವ್ ಗಿಲ್ ಓಡಿಸಿದ ಸ್ಕೋಡಾ ಫ್ಯಾಬಿಯಾದಲ್ಲಿ ಇದ್ದದ್ದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿ ಒಂದೇ ಕಂಬವಾಗಿರುವ ಮ್ಯಾಕ್‌ಫರ್ಸನ್ ಸ್ಟ್ರಟ್. ಅದೂ ಒಳ್ಳೆಯದೇ. ಆದರೆ ಸ್ಟ್ರಟ್‌ಗೆ ಎತ್ತರದಲ್ಲಿ ಗಟ್ಟಿ ಆಧಾರ ಬೇಕು. ಬಾಡಿ ಶೀಟ್ ಇಲ್ಲದ ಪೈಪ್ ಕಾರಿಗೆ ಮೇಲೊಂದು ಕೆಳಗೊಂದು ಆರ್ಮ್ (ತೋಳು) ಚಕ್ರ ಹಿಡಿಯುವ ಡಬಲ್ ವಿಶ್‌ಬೋನ್ ಸಲೀಸು.

ನಕಲ್, ಅಂದರೆ ಚಕ್ರದ ಹಬ್ ಹಿಡಿಯುವ ತುಂಡು, ಮಾರುತಿ ಎಸ್ಟೀಮ್‌ನದು. ಸ್ಟ್ರಟ್ ಕಚ್ಚಿಕೊಳ್ಳುವ ಎರಡು ಬೋಲ್ಟ್ ಜಾಗಕ್ಕೆ 8 ಮಿ.ಮೀ. ಪ್ಲೇಟಿನ ಬ್ರಾಕೆಟ್ ಮಾಡಿಸಿ, ಅದರ ಮೇಲೆ ಮೇಲಿನ ಬಾಲ್ ಜಾಯಿಂಟ್ (ಆರ್ಮ್ ಸೇರುವ ಗುಂಡು ಕೀಲು) ಕೂರಿಸಿದೆ. ಬ್ರಾಕೆಟ್ ಮತ್ತು ಬಾಲ್ ಜಾಯಿಂಟ್ ಮಧ್ಯೆ ಶಿಮ್ (ತೆಳು ತಗಡು) ಹಾಕಿದರೆ ಕ್ಯಾಂಬರ್, ಅಂದರೆ ಚಕ್ರ ಒಳಗೆ ಹೊರಗೆ ವಾಲುವ ಕೋನ, ಹೊಂದಿಸಬಹುದು, ಬೇರೆ ಏನೂ ಬಿಚ್ಚಬೇಕಿಲ್ಲ. ಇಲ್ಲೊಂದು ಮುಖ್ಯ ವಿಷಯ. ಎಸ್ಟೀಮ್ ಮುಂದಿನ ಚಕ್ರದ ಡ್ರೈವ್ ಗಾಡಿ. ಅದರ ಹಬ್ ಬೇರಿಂಗನ್ನು ಬಿಗಿಯಾಗಿ ಹಿಡಿದಿರುವುದು ಡ್ರೈವ್ ಶಾಫ್ಟಿನ ತುದಿ ಮತ್ತು ಅದರ ದೊಡ್ಡ ನಟ್. ನಮಗೆ ಮುಂದೆ ಡ್ರೈವ್ ಇಲ್ಲ ಅಂತ ಶಾಫ್ಟ್ ತೆಗೆದು ಖಾಲಿ ಬಿಟ್ಟರೆ ಬೇರಿಂಗ್ ಕಳಚಿಕೊಳ್ಳುತ್ತದೆ. ಹಳೆಯ ಶಾಫ್ಟಿನ ಹೊರಗಿನ ಜಾಯಿಂಟ್ ಉಳಿಸಿಕೊಂಡು, ಉಳಿದದ್ದನ್ನು ಕತ್ತರಿಸಿ, ಆ ತುಂಡನ್ನು ಹಬ್‌ನಲ್ಲಿ ಹಾಕಿ ಪೂರ್ತಿ ಬಿಗಿ ಮಾಡಬೇಕು.

ಈಗ ರ‍್ಯಾಕ್. ಎಸ್ಟೀಮ್ ನಕಲ್‌ನ ಸ್ಟೀಯರಿಂಗ್ ಆರ್ಮ್ ಹಿಂದಕ್ಕೆ ಚಾಚಿದೆ. ಹಾಗಾಗಿ ರ‍್ಯಾಕ್ ಚಕ್ರದ ಮಧ್ಯರೇಖೆಗಿಂತ ಹಿಂದೆ ಬರುತ್ತದೆ, ಇಂಜಿನ್‌ನ ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಕೂರಲು ಬಯಸುವ ಜಾಗದಲ್ಲೇ. ಜಗಳ ಶುರುವಾಗುವುದು ಇಲ್ಲಿಯೇ. ರ‍್ಯಾಕನ್ನು ಸುಮ್ನೆ ಮೇಲೆ ಕೆಳಗೆ ಸರಿಸಲು ಬರುವುದಿಲ್ಲ. ರ‍್ಯಾಕ್‌ನಿಂದ ಸ್ಟೀಯರಿಂಗ್ ಆರ್ಮ್‌ಗೆ ಹೋಗುವ ಟೈ ರಾಡ್‌ನ ಒಳತುದಿ ಮೇಲಿನ ಮತ್ತು ಕೆಳಗಿನ ಆರ್ಮ್‌ಗಳ ಒಳಗೀಲುಗಳನ್ನು ಸೇರಿಸುವ ರೇಖೆಯ ಮೇಲೆ ಇರಬೇಕು. ಅಷ್ಟೇ ಅಲ್ಲ, ಎರಡೂ ಆರ್ಮ್‌ಗಳನ್ನು ಕಾಗದದ ಮೇಲೆ ಉದ್ದಕ್ಕೆ ಎಳೆದರೆ ಎಲ್ಲಿ ಸೇರುತ್ತವೋ ಅದೇ ಬಿಂದುವಿಗೆ ಟೈ ರಾಡ್ ಕೂಡ ಗುರಿ ಹಿಡಿಯಬೇಕು. ಇಲ್ಲದಿದ್ದರೆ ಚಕ್ರ ಗುಂಡಿಗೆ ಇಳಿದಾಗಲೆಲ್ಲ ತಾನಾಗಿಯೇ ತಿರುಗುತ್ತದೆ. ಇದಕ್ಕೆ ಬಂಪ್ ಸ್ಟೀರ್ ಅನ್ನುತ್ತಾರೆ. ಮಣ್ಣಿನಲ್ಲಿ ಜೋರಾಗಿ ಹೋಗುವಾಗ ಇದರಷ್ಟು ಅಪಾಯಕಾರಿ ದೋಷ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಹಾಗಾಗಿ ರ‍್ಯಾಕ್ ಗೆದ್ದಿತು, ಇಂಜಿನ್ ಹಿಂದೆ ಸರಿಯಿತು. ಇಂಜಿನ್ ಮೇಲಕ್ಕೆತ್ತಿದರೂ ಸಂಪ್ ತಪ್ಪುತ್ತಿತ್ತು, ಆದರೆ ಭಾರ ಮೇಲೆ ಹೋದಷ್ಟೂ ಕಾರು ತಿರುವಿನಲ್ಲಿ ವಾಲುತ್ತದೆ. ಹಿಂದೆ ಸರಿಸಿದ್ದಕ್ಕೆ ಪೆಡಲ್ ಜಾಗ ಇಕ್ಕಟ್ಟಾಯಿತು, ಅದನ್ನು ಒಪ್ಪಿಕೊಂಡೆ.

ಕೆಳಗಿನ ಆರ್ಮ್ 340 ಮಿ.ಮೀ., ಮೇಲಿನದು 240. ಮೇಲಿನದು ಗಿಡ್ಡ, ಸ್ವಲ್ಪ ಒಳಗೆ ಇಳಿಜಾರು. ಹಾಗಾಗಿ ಚಕ್ರ 50 ಮಿ.ಮೀ. ಏರಿದಾಗ ಸುಮಾರು ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಗೆ ವಾಲುವುದು) ಜಾಸ್ತಿಯಾಗುತ್ತದೆ, ತಿರುವಿನಲ್ಲಿ ಹೊರಗಿನ ಟೈರ್ ನೆಲಕ್ಕೆ ನೇರ ಕೂರುತ್ತದೆ. ಶಾಕ್ ಅಬ್ಸಾರ್ಬರ್ ಕೆಳಗಿನ ಆರ್ಮ್‌ನಲ್ಲಿ ಒಳಗೀಲಿನಿಂದ 240 ಮಿ.ಮೀ. ದೂರದಲ್ಲಿದೆ, ಅಂದರೆ ಅನುಪಾತ ಹತ್ತಿರಹತ್ತಿರ 0.7. ಸ್ಪ್ರಿಂಗ್ ಲೆಕ್ಕದಲ್ಲಿ ಇದರ ವರ್ಗ ಹಿಡಿಯಬೇಕು, 0.5. ಚಕ್ರದಲ್ಲಿ ನನಗೆ ಮಿ.ಮೀ.ಗೆ 20 ನ್ಯೂಟನ್ ಗಡಸುತನ ಬೇಕಿತ್ತು, ಹಾಗಾಗಿ ಸ್ಪ್ರಿಂಗ್ 40. ಒಂದು ಮೂಲೆಯ ಮೇಲೆ 120 ಕೆಜಿ ಕೂತರೆ ಸೆಕೆಂಡಿಗೆ ಎರಡು ಬಾರಿ ಕುಣಿಯುವ ಲೆಕ್ಕ. ಮಣ್ಣಿಗೆ ಅಷ್ಟು ಸಾಕು.

ಅಳತೆ ಮಾಡಿದ್ದು ಕಾಫಿ ಕಣದಲ್ಲಿ. ಬೇಸಿಗೆಯಲ್ಲಿ ಕಣ ಖಾಲಿ. ಆದರೆ ನೀರು ಹರಿಯಲಿ ಅಂತ ಕಣಕ್ಕೆ ಯಾವಾಗಲೂ ಸಣ್ಣ ವಾಟ ಕೊಟ್ಟಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಗಾರೆಯವರ ಲೆವೆಲ್ ಪೈಪ್ ಹಿಡಿದು ಫ್ರೇಮಿನ ನಾಲ್ಕೂ ಮೂಲೆ ಒಂದೇ ಮಟ್ಟಕ್ಕೆ ತಂದು, ಆಮೇಲೆ ಮಧ್ಯರೇಖೆಗೆ ದಾರ ಕಟ್ಟಿದೆ. ಸ್ಪ್ರಿಂಗ್ ಬಿಚ್ಚಿ, ಬ್ರೇಕ್ ಡಿಸ್ಕಿಗೆ ಒಂದು ನೇರ ಅಲ್ಯೂಮಿನಿಯಂ ಪಟ್ಟಿ ಕಟ್ಟಿ, ಜ್ಯಾಕ್‌ನಿಂದ 10 ಮಿ.ಮೀ. ಎತ್ತುವುದು, ಪಟ್ಟಿಯ ಎರಡೂ ತುದಿಯಿಂದ ದಾರಕ್ಕೆ ಎಷ್ಟು ದೂರ ಅಂತ ಬರೆದುಕೊಳ್ಳುವುದು, ಮತ್ತೆ 10 ಎತ್ತುವುದು. ಎರಡು ತುದಿಯ ವ್ಯತ್ಯಾಸ ಎಲ್ಲ ಎತ್ತರದಲ್ಲೂ ಒಂದೇ ಇದ್ದರೆ ಚಕ್ರ ತಿರುಗಿಲ್ಲ ಅಂತ ಅರ್ಥ. ರ‍್ಯಾಕ್ ಬ್ರಾಕೆಟ್ ಕೆಳಗೆ ವಾಷರ್ ಏರಿಸಿ ಇಳಿಸಿ ಅದನ್ನು ಸರಿ ಮಾಡಿದ ಮೇಲೆಯೇ ಪೂರ್ತಿ ವೆಲ್ಡಿಂಗ್, ಅಲ್ಲಿಯವರೆಗೆ ಬರೀ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡಿಂಗ್).

ಇಂಜಿನ್ ಕೂರಿಸಲು ಗುಜರಿಯಿಂದ ಖಾಲಿ ಬ್ಲಾಕ್, ಗಿಯರ್‌ಬಾಕ್ಸ್ ಕವಚ ತಂದಿದ್ದೆ. ಒಬ್ಬರೇ ಎತ್ತಿ ಸರಿಸಬಹುದು, ಜತೆಗೆ ವೆಲ್ಡಿಂಗ್ ಕಿಡಿ ಒಳ್ಳೆಯ ಇಂಜಿನ್ ಮೇಲೆ ಬೀಳುವುದಿಲ್ಲ. ಮೌಂಟಿಂಗ್ ಮೂರೇ: ಬ್ಲಾಕಿನ ಎರಡು ಪಕ್ಕ, ಗಿಯರ್‌ಬಾಕ್ಸಿನ ಹಿಂದೆ ಒಂದು. ಮೂರು ಬಿಂದುವಾದರೆ ಫ್ರೇಮ್ ತಿರುಚಿದರೂ ಬ್ಲಾಕಿಗೆ ಆ ತಿರುಚು ಹೋಗುವುದಿಲ್ಲ.

ಇಂಜಿನ್ ಮೌಂಟಿಂಗ್ ಅಂದ ಕೂಡಲೇ ಎಲ್ಲರೂ ಟಾರ್ಕ್ (ತಿರುಗಿಸುವ ಬಲ) ಬಗ್ಗೆ ಮಾತಾಡುತ್ತಾರೆ. ಲೆಕ್ಕ ಹಾಕಿ ನೋಡಿ. 100 ನ್ಯೂಟನ್ ಮೀಟರ್, ಫಸ್ಟ್ ಗಿಯರ್‌ನಲ್ಲಿ ಮೂರೂವರೆ ಪಟ್ಟು, 350. ಮೌಂಟ್‌ಗಳ ಅಂತರ 450 ಮಿ.ಮೀ. ಇದ್ದರೆ ಒಂದೊಂದಕ್ಕೆ ಬೀಳುವುದು ಸುಮಾರು 80 ಕೆಜಿ. ಕ್ಲಚ್ ಥಟ್ಟನೆ ಬಿಟ್ಟರೆ ಅದು ಎರಡು ಪಟ್ಟು ಅಂತಲೇ ಇಟ್ಟುಕೊಳ್ಳಿ. ಆದರೆ ಇಂಜಿನ್, ಗಿಯರ್‌ಬಾಕ್ಸ್ ಸೇರಿ 120 ಕೆಜಿ ಅಂತ ಹಿಡಿದರೂ, ದಿಣ್ಣೆಯಿಂದ ಹಾರಿ ಇಳಿಯುವಾಗ ಅದು ಮೂರು ನಾಲ್ಕು ಪಟ್ಟು ತೂಗುತ್ತದೆ: 360, 480 ಕೆಜಿ. ಮಣ್ಣಿನ ಕಾರಿನಲ್ಲಿ ಮೌಂಟ್ ಮುರಿಯುವುದು ಹೊಡೆತಕ್ಕೆ. ಆದ್ದರಿಂದ ಬ್ರಾಕೆಟ್‌ಗಳನ್ನು ಪೈಪಿನ ನಡುಮಧ್ಯಕ್ಕೆ ಹಾಕದೆ, ಪೈಪ್‌ಗಳು ಕೂಡುವ ಗಂಟಿಗೇ ತಂದೆ. ನನ್ನ ಕಾರಿನಲ್ಲಿ ಕೆಳಗಿನ ಆರ್ಮ್‌ನ ಹಿಂದಿನ ಕೀಲು ಮತ್ತು ಇಂಜಿನ್ ಮೌಂಟ್ ಒಂದೇ ಗಂಟಿಗೆ ಬರುತ್ತವೆ. ಮುಂಭಾಗವನ್ನು ಒಟ್ಟಿಗೆ ಯೋಚಿಸಿದ್ದಕ್ಕೆ ಸಿಕ್ಕ ದೊಡ್ಡ ಲಾಭ ಅದು. ಎರಡು ಕಡೆ ಹಾಕಬೇಕಿದ್ದ ಪೈಪ್ ಒಂದೇ ಕಡೆ ಮುಗಿಯಿತು.

ಡ್ರೈವರ್ ಸೀಟಿನಿಂದ ನೋಡಿದರೆ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್‌ನ ಎಡಗಡೆ ಮೇಲಕ್ಕೆ ಏಳುತ್ತದೆ. ಬರೀ ರಬ್ಬರ್ ಅಂಟಿಸಿದ ಮೌಂಟ್ ಆದರೆ ಅದು ಕಿತ್ತು ಬಂದಾಗ ಇಂಜಿನ್ ಎದ್ದು ಬಿಡುತ್ತದೆ. ಅದಕ್ಕೆ ಪಾಲಿಯುರೆಥೇನ್ ಬುಷ್, ಎರಡು ಪ್ಲೇಟಿನ ನಡುವೆ, 10.9 ಗ್ರೇಡಿನ (ಹೆಚ್ಚು ಬಲದ ಉಕ್ಕಿನ) 12 ಮಿ.ಮೀ. ಬೋಲ್ಟ್ ಆರಪಾರ. ಬುಷ್ ಹರಿದರೂ ಇಂಜಿನ್ ಅಲ್ಲೇ ಇರುತ್ತದೆ. ಬುಷ್ ಇಲ್ಲದೆ ನೇರ ಕಬ್ಬಿಣಕ್ಕೆ ಬಿಗಿಯುವವರೂ ಇದ್ದಾರೆ. ನಾಲ್ಕು ಸಿಲಿಂಡರ್ ಇಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಬಾರಿ ನಡುಗಿಸುತ್ತದೆ. ಆ ನಡುಕಕ್ಕೆ ವೆಲ್ಡಿಂಗ್ ಪಕ್ಕದಲ್ಲಿ ಪೈಪ್ ಬಿರುಕು ಬಿಡುತ್ತದೆ, ನಾನಂತೂ ಹಾಗೆ ಮಾಡುವುದಿಲ್ಲ. ಗಿಯರ್‌ಬಾಕ್ಸಿನ ಹಿಂದಿನ ಮೌಂಟ್‌ನಲ್ಲಿ ಎತ್ತರ ಹೊಂದಿಸುವ ಅವಕಾಶ ಇಟ್ಟಿದ್ದೇನೆ, ಹಿಂದಿನ ಚಕ್ರಕ್ಕೆ ಡ್ರೈವ್ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಕೋನ ಸಮ ಇರಬೇಕಲ್ವಾ. ಸಂಪ್ ಮತ್ತು ರ‍್ಯಾಕ್ ನಡುವೆ 25 ಮಿ.ಮೀ. ಖಾಲಿ.

ಈಗ ಪ್ರತಿ ಓಟ ಮುಗಿದ ಮೇಲೆ ಮಣ್ಣು ತೊಳೆದು ಎರಡು ಕೆಲಸ ಮಾಡುತ್ತೇನೆ. ಎಲ್ಲ ನಟ್ ಮೇಲೂ ಬೋಲ್ಟ್‌ವರೆಗೆ ಒಂದು ಹಳದಿ ಪೇಂಟ್ ಗೆರೆ ಎಳೆದಿದೆ, ಗೆರೆ ಮುರಿದಿದ್ದರೆ ನಟ್ ತಿರುಗಿದೆ. ಆಮೇಲೆ ಆರ್ಮ್ ಮತ್ತು ಇಂಜಿನ್ ಮೌಂಟ್ ಸೇರುವ ಆ ಗಂಟಿನ ವೆಲ್ಡಿಂಗ್ ಅಂಚನ್ನು ಟಾರ್ಚ್ ಹಾಕಿ ನೋಡುತ್ತೇನೆ. ಅಲ್ಲಿ ಬಣ್ಣ ತೆಳುವಾಗಿಯೇ ಹೊಡೆಸಿದ್ದು, ಬಿರುಕು ಶುರುವಾದರೆ ಬೇಗ ಕಾಣಲಿ ಅಂತ.