ಹಳೆಯ ವ್ಯಾನಿಗೆ ಬೇರೆ ಎಂಜಿನ್: ತೀರ್ಮಾನಕ್ಕೆ ಮುನ್ನ ನೋಡಬೇಕಾದದ್ದು

ವರ್ಷಗಟ್ಟಲೆ ದುಡಿದ ವ್ಯಾನಿನ ಎಂಜಿನ್ ಕೈಕೊಟ್ಟಾಗ ಮಾಲೀಕರು ಗ್ಯಾರೇಜಿನಲ್ಲಿ ಮೊದಲು ಕೇಳುವುದು, ಬೇರೆ ಎಂಜಿನ್ ಕೂರಿಸಲು ಎಷ್ಟು ಖರ್ಚಾಗುತ್ತದೆ ಎಂದು. ಅದಕ್ಕೂ ಮೊದಲು ಎರಡು ಸಂಗತಿ ಖಚಿತವಾಗಬೇಕು: ಎಂಜಿನ್ ನಿಜವಾಗಿಯೂ ಮುಗಿದಿದೆಯೇ, ಮತ್ತು ಅದನ್ನು ಹೊತ್ತ ಗಾಡಿ ಇನ್ನೂ ಕೆಲವು ವರ್ಷ ಬಾಳುತ್ತದೆಯೇ. ಎರಡನೆಯದನ್ನು ನೋಡದೆ ಹಣ ಹಾಕಿದವರು, ಚಾಸಿ ತುಕ್ಕು ತಿಂದು ಗಾಡಿ ಗುಜರಿಗೆ ಹೋಗುವಾಗ ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನೂ ಅದರ ಜೊತೆಗೇ ಕಳೆದುಕೊಳ್ಳುತ್ತಾರೆ.

ಪರೀಕ್ಷೆಯನ್ನು ಹೊಗೆಯಿಂದ ಆರಂಭಿಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬೇಕು. ಆದರೆ ಟರ್ಬೊ ಇರುವ ವ್ಯಾನಿನಲ್ಲಿ ಇದಕ್ಕೆ ಟರ್ಬೊದ ಸೀಲು ಸವೆದಿರುವುದೂ ಕಾರಣವಾಗಿರಬಹುದು. ಬಿಳಿ ಹೊಗೆ ನಿಲ್ಲದೆ ಬರುತ್ತಾ ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು) ಮೇಲೆ ಅನುಮಾನ ಪಡಬೇಕು. ಕಪ್ಪು ಹೊಗೆಯ ಮೂಲ ಹೆಚ್ಚಾಗಿ ಏರ್ ಫಿಲ್ಟರಿನಲ್ಲೋ ಇಂಜೆಕ್ಟರಿನಲ್ಲೋ ಇರುತ್ತದೆ. ಅಷ್ಟಕ್ಕೇ ಯಾರೂ ಎಂಜಿನ್ ಇಳಿಸಬೇಕಾಗಿಲ್ಲ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಲೇಪ ಕಂಡರೂ ಗಾಬರಿ ಬೇಡ. ಚಳಿಯಲ್ಲಿ ಬರೀ ಸಣ್ಣ ಸಣ್ಣ ಓಡಾಟವಾದರೆ ತೇವಾಂಶದಿಂದಲೂ ಹಾಗಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿಯೂ ಅದೇ ಬಣ್ಣ ಕಂಡರೆ ಮಾತ್ರ ಆಯಿಲ್‌ಗೆ ನೀರು ಸೇರಿರುವುದು ಬಹುಮಟ್ಟಿಗೆ ಖಚಿತ.

ಇದೆಲ್ಲವೂ ಸೂಚನೆ ಮಾತ್ರ. ಪುರಾವೆ ಸಿಗುವುದು ಕಂಪ್ರೆಷನ್ ಪರೀಕ್ಷೆಯಲ್ಲಿ, ಅಂದರೆ ಪ್ರತಿ ಸಿಲಿಂಡರಿನೊಳಗೆ ಎಷ್ಟು ಒತ್ತಡ ಏಳುತ್ತದೆ ಎಂದು ಅಳೆಯುವುದರಲ್ಲಿ. ಪೆಟ್ರೋಲ್ ಎಂಜಿನ್ ಆದರೆ ಪ್ಲಗ್‌ಗಳನ್ನೆಲ್ಲ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರಿಗೂ ಗೇಜ್ ಕೂರಿಸಿ ಸೆಲ್ಫ್ ಹೊಡೆಯುತ್ತಾರೆ. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 10ರಿಂದ 14 ಬಾರ್ ಒತ್ತಡ ತೋರಿಸುತ್ತದೆ. ಡೀಸೆಲ್‌ನಲ್ಲಿ ಅದು 20ರಿಂದ 30 ಬಾರ್ ಅಥವಾ ಅದಕ್ಕೂ ಹೆಚ್ಚು. ಅಂಕಿಗಿಂತಲೂ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಮೂರು ಸಿಲಿಂಡರು 12 ಬಾರ್ ತೋರಿಸಿ ಒಂದು ಮಾತ್ರ 7ಕ್ಕೆ ನಿಂತರೆ, ಆ ಒಂದಕ್ಕೆ ಪ್ಲಗ್ಗಿನ ತೂತಿನಿಂದ ಒಂದು ಚಿಕ್ಕ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಮುಳ್ಳು ಮೇಲೇರಿದರೆ ಪಿಸ್ಟನ್ನಿನ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ; ಅಲ್ಲೇ ನಿಂತರೆ ದೋಷ ವಾಲ್ವ್‌ನಲ್ಲೋ ಹೆಡ್ ಗ್ಯಾಸ್ಕೆಟ್‌ನಲ್ಲೋ ಇದೆ, ಹೆಡ್ ಬಿಚ್ಚಿ ರಿಪೇರಿ ಮಾಡಿದರೆ ಸಾಲುತ್ತದೆ. ಡೀಸೆಲ್ ಎಂಜಿನ್‌ಗೆ ಆಯಿಲ್ ಹಾಕುವ ಈ ಉಪಾಯ ಮಾಡಬಾರದು; ಅಲ್ಲಿ ದಹನದ ಜಾಗ ಬಹಳ ಚಿಕ್ಕದಾದ್ದರಿಂದ ಅಂಕಿ ತಪ್ಪುವುದಲ್ಲದೆ ಎಂಜಿನ್‌ಗೂ ಪೆಟ್ಟಾಗಬಹುದು. ಕೆಳಭಾಗದಿಂದ ಕುಟ್ಟುವ ಸದ್ದು ಬರುತ್ತಿದ್ದರೆ ಆಯಿಲ್ ಒತ್ತಡವನ್ನು ಡ್ಯಾಶ್‌ಬೋರ್ಡಿನ ದೀಪ ನಂಬದೆ ಪ್ರತ್ಯೇಕ ಗೇಜಿನಿಂದ ಅಳೆಸಿ. ಒತ್ತಡವೂ ಇಳಿದಿದ್ದರೆ ಕ್ರ್ಯಾಂಕಿನ ಬೇರಿಂಗ್‌ಗಳು ಸವೆದಿರುವ ಸಾಧ್ಯತೆಯೇ ಹೆಚ್ಚು, ಚಿಕ್ಕ ರಿಪೇರಿಯ ಮಾತು ಅಲ್ಲಿಗೆ ನಿಲ್ಲುತ್ತದೆ.

ಎಂಜಿನ್ ಮುಗಿದದ್ದು ಖಚಿತವಾದರೆ ವ್ಯಾನನ್ನು ಮೇಲೆತ್ತಿಸಿ ಅದರ ಅಡಿಗೆ ಹೋಗಿ. ನನ್ನ ದೃಷ್ಟಿಯಲ್ಲಿ ನಿಜವಾದ ತೀರ್ಮಾನ ಆಗುವುದು ಅಲ್ಲಿ. ಬಾಗಿಲುಗಳ ಕೆಳಗಿನ ಅಂಚು, ಚಾಸಿಯ ಉದ್ದದ ತೊಲೆಗಳು, ಸಸ್ಪೆನ್ಷನ್ ಬೋಲ್ಟು ಕೂರುವ ಜಾಗ, ಈ ಮೂರು ಕಡೆ ಸ್ಕ್ರೂಡ್ರೈವರಿನ ತುದಿಯನ್ನು ಗಟ್ಟಿಯಾಗಿ ಒತ್ತಿ ನೋಡಿ. ಟಣ್ ಎಂದು ಸದ್ದಾದರೆ ತಗಡು ಗಟ್ಟಿಯಿದೆ. ಬಣ್ಣ ನೆಟ್ಟಗಿದ್ದರೂ ತುದಿ ಒಳಗೆ ಇಳಿದು, ಕಂದು ಪುಡಿ ಉದುರಿ, ಸಸ್ಪೆನ್ಷನ್ ಕೂರುವ ಜಾಗವೇ ಮೆತ್ತಗಿದ್ದರೆ, ಆ ವ್ಯಾನಿಗೆ ಬೇರೆ ಎಂಜಿನ್ ಹಾಕಿಸಬಾರದು. ಗೇರ್ ಬಾಕ್ಸ್, ಸ್ಟೀರಿಂಗ್, ಬ್ರೇಕ್ ಮತ್ತು ವೈರಿಂಗ್ ಕೆಲಸಗಳ ಅಂದಾಜನ್ನೂ ಇದೇ ಹೊತ್ತಿನಲ್ಲಿ ಬರೆಸಿಕೊಳ್ಳಿ.

ಲೆಕ್ಕ ಹಾಕುವಾಗ ಬಹಳ ಜನ ಎಂಜಿನ್ನಿನ ಖರ್ಚನ್ನು ವ್ಯಾನಿನ ಈಗಿನ ಬೆಲೆಯ ಪಕ್ಕ ಇಟ್ಟು ನೋಡುತ್ತಾರೆ. ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಕೆಟ್ಟ ವ್ಯಾನನ್ನು ಇದ್ದ ಹಾಗೆಯೇ ಮಾರಿದರೆ ಬರುವ ಹಣಕ್ಕೆ ಇನ್ನೆಷ್ಟು ಸೇರಿಸಿದರೆ ಅಷ್ಟೇ ನಂಬಿಕೆಯ ಇನ್ನೊಂದು ವ್ಯಾನು ಸಿಗುತ್ತದೆ ಎಂಬುದನ್ನು ಒಂದು ಕಡೆ ಬರೆಯಿರಿ. ಎಂಜಿನ್, ಕೂಲಿ, ಮೇಲೆ ಹೇಳಿದ ಉಳಿದ ಕೆಲಸಗಳ ಒಟ್ಟು ಮೊತ್ತವನ್ನು ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಆಯಾ ಗಾಡಿ ಓಡಬಹುದಾದ ತಿಂಗಳುಗಳಿಂದ ಭಾಗಿಸಿ. ನಿಮ್ಮ ವ್ಯಾನಿನ ಗುಣದೋಷ ನಿಮಗೆ ಗೊತ್ತಿದೆ, ಹೊಸದಾಗಿ ಕೊಳ್ಳುವ ಹಳೆಯ ವ್ಯಾನಿನದು ಗೊತ್ತಿಲ್ಲ. ಮೊತ್ತಗಳು ಹತ್ತಿರ ಹತ್ತಿರವಿದ್ದರೆ ನಾನು ಗೊತ್ತಿರುವ ಗಾಡಿಯ ಪಕ್ಷ.

ಹಾಕಿಸುವುದೇ ಎಂದಾದರೆ, ಸೆಕೆಂಡ್ ಹ್ಯಾಂಡ್ ಎಂಜಿನ್ ಅಗ್ಗವಾದರೂ ಕೂರಿಸುವ ಮುನ್ನ ಅದಕ್ಕೂ ಕಂಪ್ರೆಷನ್ ಪರೀಕ್ಷೆ ಆಗಲೇಬೇಕು, ಏಕೆಂದರೆ ಕೂಲಿ ಎರಡು ಸಲ ಕೊಡುವುದು ಯಾರಿಗೂ ಬೇಡ. ಬೋರ್ ಮಾಡಿ (ಸವೆದ ಸಿಲಿಂಡರುಗಳನ್ನು ಕೊರೆದು ಸರಿಪಡಿಸಿ) ಸಿದ್ಧಪಡಿಸಿದ ಎಂಜಿನ್ ಆದರೆ ಏನೇನು ಬದಲಿಸಿದ್ದಾರೆ ಎಂಬುದನ್ನೂ, ವಾರಂಟಿಯಲ್ಲಿ ಕೂಲಿ ಸೇರಿದೆಯೇ ಎಂಬುದನ್ನೂ ಬರಹದಲ್ಲಿ ಪಡೆಯಬೇಕು. ಎಂಜಿನ್ ಕೆಳಗಿಳಿದಾಗಲೇ ಕ್ಲಚ್ ಪ್ಲೇಟ್, ಹಿಂದಿನ ಆಯಿಲ್ ಸೀಲ್, ವಾಟರ್ ಪಂಪ್, ಎಂಜಿನ್ ಮೌಂಟಿಂಗ್ ಬದಲಿಸುವುದು ಒಳ್ಳೆಯದು; ಆಮೇಲೆ ಇವುಗಳಲ್ಲಿ ಕೆಲವಕ್ಕೆ ಮತ್ತೆ ಇಷ್ಟೇ ಬಿಚ್ಚಬೇಕಾಗುತ್ತದೆ. ಹಳೆಯ ಎಂಜಿನ್ ಅತಿ ಬಿಸಿಯಾಗಿ ಕೆಟ್ಟಿದ್ದರೆ, ಕಟ್ಟಿಕೊಂಡ ರೇಡಿಯೇಟರನ್ನು ಹಾಗೆಯೇ ಬಿಟ್ಟು ಬೇರೆ ಎಂಜಿನ್ ಕೂರಿಸಿದರೆ ಅದೂ ಅದೇ ಗತಿ ಕಾಣುತ್ತದೆ. ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ ನಮೂದಾಗಿದ್ದರೆ ಅದನ್ನೂ ತಿದ್ದಿಸಿಕೊಳ್ಳಬೇಕು.

ಹಳೆಯ ಎಂಜಿನ್ನನ್ನು ಆತುರಪಟ್ಟು ಗುಜರಿಗೆ ಕೊಡಬೇಡಿ. ಹೊಸದಾಗಿ ಬಂದ ಎಂಜಿನ್ನಿಗೆ ಬ್ರಾಕೆಟ್ಟು, ಸೆನ್ಸರ್, ಆಲ್ಟರ್ನೇಟರ್‌ನಂಥ ಭಾಗಗಳನ್ನು ಅದರಿಂದಲೇ ಬಿಚ್ಚಿ ಹಾಕಬೇಕಾಗುತ್ತದೆ. ವ್ಯಾನು ಕೆಲವು ದಿನ ತೊಂದರೆಯಿಲ್ಲದೆ ಓಡುವವರೆಗೆ ಅದು ಗ್ಯಾರೇಜಿನ ಮೂಲೆಯಲ್ಲೇ ಇರಲಿ.