ಬಾಣ, ಪೆಲೆಟ್‌ಗಳ ವೇಗ ಅಳೆಯುವುದು ಹೇಗೆ?

ಬಾಣ ಮತ್ತು ಪೆಲೆಟ್‌ಗಳ (ಏರ್‌ಗನ್‌ನ ಪುಟ್ಟ ಗುಂಡುಗಳ) ವೇಗ ಅಳೆಯುವ ಉಪಕರಣವಾದ ಪೋರ್ಟಬಲ್ ಕ್ರೋನೋಗ್ರಾಫ್‌ನ ತತ್ವ ಸರಳ. ಗೊತ್ತಾದ ಅಂತರದಲ್ಲಿ ಎರಡು ಬೆಳಕಿನ ಸೆನ್ಸರ್‌ಗಳಿರುತ್ತವೆ. ಮೇಲೆ ಹಾದುಹೋಗುವ ಬಾಣ ಅಥವಾ ಗುಂಡಿನ ನೆರಳು ಮೊದಲನೆಯದರಲ್ಲಿ ಗಡಿಯಾರವನ್ನು ಓಡಿಸಿ ಎರಡನೆಯದರಲ್ಲಿ ನಿಲ್ಲಿಸುತ್ತದೆ. ಹತ್ತು ಮೀಟರ್ ಏರ್ ರೈಫಲ್‌ನ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಒಂದು ಅಡಿ ಅಂತರವನ್ನು ಸೆಕೆಂಡಿನ ಸಾವಿರದ ಎರಡು ಭಾಗಕ್ಕೂ ಕಡಿಮೆ ಅವಧಿಯಲ್ಲಿ ದಾಟುವುದರಿಂದ, ನೆರಳು ಬಿದ್ದ ಜಾಗದಲ್ಲಿ ಮೂರು ಮಿಲಿಮೀಟರ್ ವ್ಯತ್ಯಾಸವಾದರೂ ಶೇಕಡಾ ಒಂದರಷ್ಟು ತಪ್ಪು ಬರುತ್ತದೆ. ಆದ್ದರಿಂದ ಕೊಳ್ಳುವವರು ಸೆನ್ಸರ್‌ಗಳ ಅಂತರ ಹೆಚ್ಚಿರುವ ಉಪಕರಣವನ್ನೇ ಕೊಳ್ಳಬೇಕು. ಗುಂಡು ಹಾರಿದ ಸದ್ದಿಗೂ ಗುರಿಗೆ ಬಡಿದ ಸದ್ದಿಗೂ ನಡುವಿನ ಸಮಯವನ್ನು ಮೊಬೈಲ್‌ನಲ್ಲಿ ಹಿಡಿದು ವೇಗ ಹೇಳುವ ಆ್ಯಪ್‌ಗಳು ಕುತೂಹಲ ತಣಿಸಲು ಸಾಕೇ ಹೊರತು ಅಳತೆಗೆ ಸಾಲವು.

ಮೊದಲು ಹೊಸ ಬ್ಯಾಟರಿ ಹಾಕಿ, ಉಪಕರಣವನ್ನು ಗಟ್ಟಿಯಾದ ಟ್ರೈಪಾಡ್‌ಗೆ ಬಿಗಿಯಿರಿ. ಹಿಂದೆ ಪೆಲೆಟ್ ಟ್ರಾಪ್ (ಪೆಲೆಟ್ ಹಿಡಿದಿಡುವ ಪೆಟ್ಟಿಗೆ) ಅಥವಾ ಬಾಣ ತಡೆಯುವ ದಪ್ಪ ಗುರಿಫಲಕವಿರಲಿ.

ಬಹುತೇಕರು ಎಡವುವುದು ಮುಂದಿನ ಹಂತದಲ್ಲಿ. ಹಲವು ಕ್ಲಬ್‌ಗಳಲ್ಲಿ ಮುಂಭಾಗಕ್ಕೆ ತೂತು ಬಿದ್ದ ಕ್ರೋನೋಗ್ರಾಫ್ ಒಂದಾದರೂ ಇರುತ್ತದೆ, ಮತ್ತು ಅದಕ್ಕೆ ಕಾರಣ ಸಾಮಾನ್ಯವಾಗಿ ಗುರಿ ತಪ್ಪಿದ್ದಲ್ಲ, ಗುರಿ ಸರಿಯಾಗಿಯೇ ಇಟ್ಟಿದ್ದು. ಕೋವಿಯ ಮೇಲಿನ ದೂರದರ್ಶಕ ನಳಿಕೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿರುತ್ತದೆ; ಹತ್ತು ಮೀಟರ್ ದೂರದಲ್ಲಿ ಒಂದಾಗುವ ದೃಷ್ಟಿರೇಖೆ ಮತ್ತು ಗುಂಡಿನ ಹಾದಿ ಒಂದು ಮೀಟರ್‌ನಲ್ಲಿ ಇನ್ನೂ ದೂರವೇ ಇರುತ್ತವೆ. ದೂರದರ್ಶಕದಲ್ಲಿ ಉಪಕರಣದ ಮೇಲಂಚು ದಾಟಿದಂತೆ ಕಂಡರೂ ಪೆಲೆಟ್ ನೇರವಾಗಿ ಅದರ ಹೊಟ್ಟೆಗೇ ಹೋಗುತ್ತದೆ. ಬಿಲ್ಲಿನಲ್ಲಿ ಈ ಅಂತರ ಇನ್ನೂ ಹೆಚ್ಚು, ಏಕೆಂದರೆ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲುಗಾರರ ಹೆದೆ ಎಳೆದ ಕೈ ಗಲ್ಲದ ಕೆಳಗೆ ನಿಲ್ಲುತ್ತದೆ, ಕಣ್ಣು ಅದಕ್ಕಿಂತ ಬಹಳ ಮೇಲಿರುತ್ತದೆ.

ಇದಕ್ಕೆ ನೂಲೊಂದೇ ಸಾಕು. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಸ್ಟ್ಯಾಂಡ್‌ನ ಮೇಲಿಡಿ. ನಳಿಕೆಯ ಬಾಯಿಯ ಎತ್ತರದಿಂದ ಗುರಿಫಲಕದ ಮಧ್ಯದವರೆಗೆ ನೂಲನ್ನು ಬಿಗಿಯಾಗಿ ಕಟ್ಟಿ. ಬಿಲ್ಲಿಗಾದರೆ ಗಲ್ಲದ ಎತ್ತರದಿಂದ ಕಟ್ಟಿ. ಆ ನೂಲು ಎರಡೂ ಸೆನ್ಸರ್‌ಗಳ ನಡುಗೆರೆಯ ಮೇಲೆ, ಹತ್ತರಿಂದ ಹದಿನೈದು ಸೆಂಟಿಮೀಟರ್ ಎತ್ತರದಲ್ಲಿ ಹೋಗುವಂತೆ ಟ್ರೈಪಾಡ್ ಸರಿಪಡಿಸಿ. ಹಿಂದಿನ ಸೆನ್ಸರ್‌ನಿಂದಲೂ ಮುಂದಿನದರಿಂದಲೂ ನೂಲಿನ ಎತ್ತರವನ್ನು ಅಳತೆಪಟ್ಟಿಯಿಂದಲೇ ಅಳೆಯಿರಿ, ಕಣ್ಣಳತೆಯನ್ನು ನಂಬಬೇಡಿ. ಹಾದಿ ಹತ್ತು ಡಿಗ್ರಿ ವಾಲಿದರೆ ದೂರ ಹೆಚ್ಚಾಗಿ, ವೇಗ ಶೇಕಡಾ ಒಂದೂವರೆಯಷ್ಟು ಕಡಿಮೆ ತೋರುತ್ತದೆ. ನಂತರ ನೂಲು ತೆಗೆದು, ಎಲ್ಲರೂ ಶೂಟಿಂಗ್ ಗೆರೆಯ ಹಿಂದೆ ಬಂದ ಮೇಲಷ್ಟೇ ಪೆಲೆಟ್ ತುಂಬಬೇಕು.

ಏರ್ ರೈಫಲ್‌ಗೆ ನಳಿಕೆಯಿಂದ ಒಂದು ಮೀಟರ್ ದೂರ ಸಾಕು. ಬಾಣಕ್ಕೆ ಬಿಲ್ಲಿನ ಹಿಡಿಯಿಂದ ಮೊದಲ ಸೆನ್ಸರ್‌ಗೆ ಕನಿಷ್ಠ ಒಂದೂವರೆ ಮೀಟರ್ ಬೇಕು. ಹತ್ತಿರವಿಟ್ಟರೆ ಬಾಣ ಹೆದೆಯನ್ನು ಬಿಡುವ ಮೊದಲೇ ತುದಿ ಸೆನ್ಸರ್ ತಲುಪಬಹುದು. ಬಂದೂಕಿಗೆ ಮದ್ದಿನ ಅನಿಲವೇ ಸೆನ್ಸರ್‌ಗಳನ್ನು ಕೆಣಕುವುದರಿಂದ ಮೂರರಿಂದ ಐದು ಮೀಟರ್ ಬಿಡಬೇಕು, ಅದೂ ಪರವಾನಗಿ ಇದ್ದವರು ಅಧಿಕೃತ ರೇಂಜಿನಲ್ಲಿ ಮಾತ್ರ.

ಬೆಳಕು ಎರಡನೆಯ ತೊಡಕು. ಮೋಡದ ದಿನದ ಸಮಬೆಳಕು ಉತ್ತಮ. ಬಿಸಿಲಿದ್ದರೆ ಜೊತೆಗೆ ಬರುವ ಬಿಳಿ ಹಾಳೆಯ ಕೊಡೆಗಳನ್ನು ತಪ್ಪದೆ ಹಾಕಿ. ಸಂಜೆಯ ಓರೆ ಬಿಸಿಲು ಹೊಳೆಯುವ ಪೆಲೆಟ್‌ನ ಅಥವಾ ಬಾಣದ ತುದಿಯ ಅಡಿಗೆ ಬಡಿದು ಸುಳ್ಳು ಅಂಕಿ ಕೊಡುವುದುಂಟು. ಬಾಣಕ್ಕಾದರೆ ತುದಿಗೆ ಕಪ್ಪು ಮಾರ್ಕರ್ ಬಳಿಯುವುದು ಇದಕ್ಕೆ ಅಗ್ಗದ ಉಪಾಯ. ಒಳಾಂಗಣದ ಹಳೆಯ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಣ್ಣಿಗೆ ಕಾಣದಿದ್ದರೂ ಸೆನ್ಸರ್‌ಗೆ ಕಾಣುತ್ತದೆ. ಅಂಥಲ್ಲಿ ಇನ್‌ಫ್ರಾರೆಡ್ ದೀಪದ ಕಿಟ್ ಬಳಸಿ. ನಳಿಕೆಯ ಬಾಯಿಗೇ ಸಿಕ್ಕಿಸುವ ಪುಟ್ಟ ಕೊಳವೆಯಂಥ ಕ್ರೋನೋಗ್ರಾಫ್‌ಗಳಿಗೆ ಈ ಗೊಡವೆಯಿಲ್ಲ, ಆದರೆ ಅವುಗಳಲ್ಲಿ ಬಾಣ ಅಳೆಯಲಾಗದು.

ಹತ್ತು ಹೊಡೆತ ಹೊಡೆದು ಎಲ್ಲವನ್ನೂ ಬರೆದುಕೊಳ್ಳಿ. ಒಂದು ಅಂಕಿ ಮಾತ್ರ ವಿಪರೀತವಾಗಿದ್ದರೆ ಅದು ಬಿಲ್ಲಿನ ಪವಾಡವಲ್ಲ. ಮೊದಲ ಸೆನ್ಸರ್ ತುದಿಯನ್ನೂ ಎರಡನೆಯದು ಗರಿಯನ್ನೂ ಕಂಡಿರಬಹುದು, ಆದ್ದರಿಂದ ಅದನ್ನು ಕೈಬಿಡಿ. ಸ್ಪ್ರಿಂಗ್ ಏರ್‌ಗನ್‌ಗೆ ಹೆಚ್ಚು ಎಣ್ಣೆ ಹಾಕಿದ್ದರೆ ಅದು ಒಳಗೇ ಉರಿದು ಮೊದಲ ಕೆಲವು ಹೊಡೆತಗಳ ವೇಗ ಉಬ್ಬುತ್ತದೆ. ಅವುಗಳನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಶಕ್ತಿಯ ಲೆಕ್ಕಕ್ಕೆ ತೂಕವನ್ನು ಕಿಲೋಗ್ರಾಂನಲ್ಲಿ ಬರೆದು ವೇಗದ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಿ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 172 ಮೀಟರ್ ಹೋದರೆ ಸುಮಾರು 7.8 ಜೂಲ್, 22 ಗ್ರಾಂ ಬಾಣ ಸೆಕೆಂಡಿಗೆ 60 ಮೀಟರ್ ಹೋದರೆ ಸುಮಾರು 40 ಜೂಲ್. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳು ಏರ್‌ಗನ್‌ಗಳಿಗೆ 20 ಜೂಲ್‌ನ ಗೆರೆ ಎಳೆದಿರುವುದರಿಂದ, ಸ್ಪ್ರಿಂಗ್ ಬದಲಿಸಿದವರಿಗೆ ಈ ಲೆಕ್ಕ ಬರೀ ಕುತೂಹಲದ್ದಲ್ಲ: ಇದೇ 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 275 ಮೀಟರ್ ಸಮೀಪಿಸಿದರೆ ಆ ಗೆರೆ ಬಂದಂತೆ.